ಬೀಗ ತೆಗೆಯುವಷ್ಟರಲ್ಲಿ: ನಡುವಯಸ್ಸು ದಾಟಿದ ಹೆಂಗಸರ ಮೂತ್ರ ಸೋರಿಕೆ

ನಮ್ಮ ದೊಡ್ಡಮ್ಮ ಯಾವ ಮದುವೆಗೆ ಹೋದರೂ ಕೊನೆಯ ಸಾಲಿನಲ್ಲಿ, ಬಾಗಿಲಿಗೆ ಹತ್ತಿರದ ಕುರ್ಚಿ ಹಿಡಿಯುತ್ತಿದ್ದರು. ಛತ್ರದೊಳಗೆ ಕಾಲಿಟ್ಟ ಕೂಡಲೇ ಬಚ್ಚಲು ಯಾವ ಕಡೆ ಎಂದು ಕೇಳಿಕೊಂಡು, ಒಮ್ಮೆ ಹೋಗಿ ಬಂದು, ಆಮೇಲೆ ಕೂರುತ್ತಿದ್ದರು. ತಿಳಿಬಣ್ಣದ ಸೀರೆ ಉಡುವುದನ್ನು ಬಿಟ್ಟು ಹತ್ತು ವರ್ಷವಾಗಿತ್ತು. ಮಗ ತಂದುಕೊಟ್ಟ ಕೆನೆಬಣ್ಣದ ರೇಷ್ಮೆ ಸೀರೆ ಮಡಿಕೆ ಬಿಚ್ಚದೆ ಬೀರುವಿನಲ್ಲೇ ಇತ್ತು. ಕೈಚೀಲದ ತಳದಲ್ಲಿ ಹಳೇ ಪಂಚೆ ಹರಿದು ಮಡಿಸಿದ ನಾಲ್ಕು ಬಟ್ಟೆ, ಒಂದು ಪ್ಲಾಸ್ಟಿಕ್ ಕವರು. ಇದನ್ನೆಲ್ಲ ನಾವು ಅವರ ಅಚ್ಚುಕಟ್ಟು ಎಂದುಕೊಂಡಿದ್ದೆವು.

ಅವರಿಗೆ ಅರವತ್ತೆರಡು ತುಂಬಿದ ವರ್ಷ ನಮ್ಮ ಮನೆಗೆ ಬಂದು ಉಳಿದಿದ್ದರು. ಒಂದು ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ಎಚ್ಚರವಾಗಿ ನೋಡಿದರೆ, ಬಚ್ಚಲಿನಲ್ಲಿ ಕೂತು ಹಾಸಿಗೆಯ ಚಾದರ ಒಗೆಯುತ್ತಿದ್ದರು. ಸದ್ದಾಗದಿರಲೆಂದು ನಲ್ಲಿಯನ್ನು ದಾರದಷ್ಟು ಸಣ್ಣಗೆ ಬಿಟ್ಟಿದ್ದರು. "ಕೆಮ್ಮಿದ್ರೆ ಹೋಗುತ್ತೆ ಕಣೇ. ಈಗೀಗ ಕೆಮ್ಮದೇ ಇದ್ರೂ ಹೋಗುತ್ತೆ. ವಯಸ್ಸಾಯ್ತಲ್ಲ," ಎಂದರು. ಎಷ್ಟು ದಿನದಿಂದ ಎಂದೆ. "ನಿಮ್ಮಣ್ಣ ಹುಟ್ಟಿದಾಗಿಂದ್ಲೂ ಸ್ವಲ್ಪ ಇತ್ತು. ಮುಟ್ಟು ನಿಂತ್ಮೇಲೆ ಜಾಸ್ತಿ ಆಯ್ತು." ಬಿಪಿ, ಶುಗರ್ ತೋರಿಸಲು ಮೂರು ತಿಂಗಳಿಗೊಮ್ಮೆ ತಪ್ಪದೆ ಡಾಕ್ಟರ ಹತ್ತಿರ ಹೋಗುವವರು ಅವರು. ಡಾಕ್ಟರಿಗೆ ಹೇಳಲಿಲ್ಲವೇ ಎಂದರೆ, "ಅವರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ" ಎಂದರು.

ಈ ಲೇಖನ ಬರೆಯಬೇಕೆನಿಸಿದ್ದು ಆ "ವಯಸ್ಸಾಯ್ತಲ್ಲ" ಎಂಬ ಮಾತಿನಿಂದ. ವಯಸ್ಸಿಗೂ ಮೂತ್ರ ಸೋರುವುದಕ್ಕೂ ನಂಟಿದೆ, ನಿಜ. ಆದರೆ ಕೂದಲು ನೆರೆಯುವ ಹಾಗೆ ಇದು ತಾನಾಗಿ ಬಂದೇ ತೀರುವ ಮುಪ್ಪಿನ ಗುರುತಲ್ಲ. ಕಾರಣಗಳಿರುವ, ಬಹಳ ಮಟ್ಟಿಗೆ ವಾಸಿಯಾಗುವ ತೊಂದರೆ. ಅದರ ಮೊದಲ ಚಿಕಿತ್ಸೆಗೆ ಮಾತ್ರೆಯೂ ಬೇಡ, ಕತ್ತರಿಯೂ ಬೇಡ. ಇಷ್ಟಾದರೂ ಅದು ಇಪ್ಪತ್ತು, ಮೂವತ್ತು ವರ್ಷ ಸೀರೆಯ ಮರೆಯಲ್ಲೇ ಉಳಿಯುವುದಕ್ಕೆ ಮುಖ್ಯ ಕಾರಣ, ಆ ಬಗ್ಗೆ ಯಾರೂ ಕೇಳದಿರುವುದು.

ಕೇಳುವುದಕ್ಕೆ ನಮ್ಮಲ್ಲಿ ಮಾತೂ ಕಡಿಮೆ. ಮಗುವಿಗಾದರೆ ಉಚ್ಚೆ ಎನ್ನುತ್ತೇವೆ, ಶಾಲೆಯಲ್ಲಿ ಒಂದಕ್ಕೆ ಎನ್ನುತ್ತೇವೆ. ಅರವತ್ತರ ಹೆಂಗಸು ಹೊರರೋಗಿ ವಿಭಾಗದಲ್ಲಿ ಹತ್ತು ಜನರ ನಡುವೆ ಏನೆಂದು ಹೇಳಬೇಕು? "ನೀರು ಹೋಗುತ್ತೆ" ಎಂದರೆ ಡಾಕ್ಟರು ಬಿಳಿಸೆರಗು ಎಂದುಕೊಂಡು ಅದಕ್ಕೆ ಮಾತ್ರೆ ಬರೆಯುತ್ತಾರೆ. "ಉರಿ" ಎಂದರೆ ಸೋಂಕಿನ ಔಷಧಿ ಸಿಗುತ್ತದೆ. "ತಡ್ಕೊಳ್ಳೋಕಾಗಲ್ಲ" ಎನ್ನುವುದೇ ಹೆಂಗಸರ ಬಾಯಲ್ಲಿ ನಾನು ಕೇಳಿರುವ ಅತ್ಯಂತ ನಿಖರವಾದ ಮಾತು. ಅದನ್ನು ಹೇಳುವಷ್ಟರಲ್ಲಿ ಮುಂದಿನ ರೋಗಿಯ ಹೆಸರು ಕೂಗಿರುತ್ತಾರೆ.

ಎಷ್ಟು ಜನರಿಗೆ ಇದೆ ಎಂಬ ಲೆಕ್ಕವೂ, ಯಾರು ಹೇಗೆ ಕೇಳಿದರು ಎಂಬುದರ ಮೇಲೆ ನಿಂತಿದೆ. ನಾರ್ವೆಯ ಒಂದು ಪ್ರಾಂತ್ಯದಲ್ಲಿ ಹೆಂಗಸರನ್ನೆಲ್ಲ ಕೇಳಿ ನಡೆಸಿದ ದೊಡ್ಡ ಸಮೀಕ್ಷೆಯಲ್ಲಿ ನಾಲ್ವರಲ್ಲಿ ಒಬ್ಬರು ಸೋರಿಕೆ ಇದೆ ಎಂದರು. ಉತ್ತರ ಭಾರತದ ಒಂದು ಆಸ್ಪತ್ರೆಗೆ ಬಂದ 3,000 ಹೆಂಗಸರನ್ನು ಕೇಳಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 656 ಮಂದಿಗೆ, ಎಂದರೆ ನೂರಕ್ಕೆ ಸುಮಾರು 22 ಮಂದಿಗೆ ಈ ತೊಂದರೆ ಇತ್ತು. ನಮ್ಮ ದೇಶದ ಉಳಿದ ಸಮೀಕ್ಷೆಗಳ ಅಂಕಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಮನೆಯಂಗಳದಲ್ಲಿ ಅತ್ತೆಯ ಎದುರಿಗೆ ಸೊಸೆಯನ್ನು ಕೇಳಿದರೆ ಒಂದು ಉತ್ತರ, ಒಳಗೆ ಕೂರಿಸಿಕೊಂಡು ಹೆಂಗಸೇ ಕೇಳಿದರೆ ಇನ್ನೊಂದು ಉತ್ತರ.

ಈ ಕ್ಷೇತ್ರದ ತಜ್ಞರ ಅಂತರರಾಷ್ಟ್ರೀಯ ಸಂಘ 1971ರಲ್ಲಿ ಶುರುವಾಯಿತು. ಸೋರಿಕೆಯನ್ನು ಪರೀಕ್ಷೆಯಲ್ಲಿ ತೋರಿಸಲು ಆಗಬೇಕು, ಅದರಿಂದ ನಾಲ್ಕು ಜನರ ನಡುವೆ ಇರಲೋ ಶುಚಿಯಾಗಿರಲೋ ತೊಂದರೆಯಾಗಿರಬೇಕು ಎಂದು ಅದರ ಹಳೆಯ ವ್ಯಾಖ್ಯೆ ಹೇಳುತ್ತಿತ್ತು. 2002ರಲ್ಲಿ ಅದನ್ನು ಬದಲಾಯಿಸಿ, ತಡೆಯಲಾಗದೆ ಮೂತ್ರ ಸೋರುತ್ತದೆ ಎಂದು ಆ ವ್ಯಕ್ತಿ ಹೇಳಿದರೆ ಸಾಕು, ಎಷ್ಟೇ ಕಡಿಮೆಯಿರಲಿ, ಅದನ್ನು ಸೋರಿಕೆ ಎಂದು ಒಪ್ಪಬೇಕು ಎಂದರು. ಕಾಗದದ ಮೇಲಿನ ಒಂದೆರಡು ಪದ ಬದಲಾಗಿದ್ದು ಅಷ್ಟೇ ಎನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಅಲ್ಲಿಂದಾಚೆಗೆ ಹೆಂಗಸಿನ ಮಾತೇ ಸಾಕ್ಷಿಯಾಯಿತು.

ಒಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೂತ್ರಕೋಶವೆಂದರೆ ಹಿಗ್ಗುವ ಮಾಂಸದ ಚೀಲ. ಮಾಮೂಲಾಗಿ 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. ಅರ್ಧ ತುಂಬುವ ಹೊತ್ತಿಗೇ ಮಿದುಳಿಗೆ ಸುದ್ದಿ ಹೋಗುತ್ತದೆ. ಮಿದುಳು "ಈಗ ಬೇಡ, ತಡಿ" ಎನ್ನುತ್ತದೆ, ಚೀಲ ಸುಮ್ಮನಿರುತ್ತದೆ. ಅಲ್ಲಿಂದ ಹೊರಬರುವ ನಾಳ ಗಂಡಸರಲ್ಲಿ ಸುಮಾರು 20 ಸೆಂಟಿಮೀಟರ್ ಉದ್ದವಿದ್ದರೆ ಹೆಂಗಸರಲ್ಲಿ ಬರೀ 4 ಸೆಂಟಿಮೀಟರ್. ಆ ನಾಳವನ್ನೂ ಗರ್ಭಕೋಶವನ್ನೂ ಮಲದ್ವಾರವನ್ನೂ ಕೆಳಗಿನಿಂದ ಹೊತ್ತು ನಿಂತಿರುವುದು ಮುಂದಿನ ಮೂಳೆಯಿಂದ ಹಿಂದಿನ ಬಾಲಮೂಳೆಯವರೆಗೆ ಹಾಸಿದ ಸ್ನಾಯುಗಳ ತಳ. ಡಾಕ್ಟರುಗಳು ಇದನ್ನು ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ನವಾರಿನ ಮಂಚ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ನವಾರು ಬಿಗಿಯಾಗಿರುವವರೆಗೆ ಮೇಲೆ ಎಷ್ಟು ಭಾರ ಬಿದ್ದರೂ ಮಂಚ ತಡೆಯುತ್ತದೆ. ಸಡಿಲವಾದರೆ ಕೂತ ಕಡೆ ಗುಂಡಿ ಬೀಳುತ್ತದೆ.

ಕೆಮ್ಮು, ಸೀನು, ನಗು, ಕೊಡ ಎತ್ತುವುದು, ಇವೆಲ್ಲ ಹೊಟ್ಟೆಯಿಂದ ಕೆಳಕ್ಕೆ ಒಮ್ಮೆಲೇ ಒತ್ತಡ ಹಾಕುತ್ತವೆ. ನವಾರು ಬಿಗಿಯಿದ್ದರೆ ನಾಳ ಅದಕ್ಕೆ ಆತು ಮುಚ್ಚಿಕೊಳ್ಳುತ್ತದೆ, ಸಡಿಲವಿದ್ದರೆ ಒಂದು ಹನಿಯಿಂದ ಒಂದು ಚಮಚದವರೆಗೆ ಜಾರುತ್ತದೆ. ಇದು ಒತ್ತಡದ ಸೋರಿಕೆ. ಇನ್ನೊಂದು ಬಗೆಯದರಲ್ಲಿ ತಪ್ಪು ತಳದ್ದಲ್ಲ, ಚೀಲದ್ದು. ತುಂಬುವ ಮೊದಲೇ, ಮಿದುಳು ಬೇಡವೆಂದರೂ, ಚೀಲ ಹಿಂಡಿಕೊಳ್ಳುತ್ತದೆ. ಇದ್ದಕ್ಕಿದ್ದಂತೆ ಅವಸರ ಹುಟ್ಟುತ್ತದೆ, ಬಚ್ಚಲು ಮುಟ್ಟುವ ಮೊದಲೇ ಸೀರೆ ಒದ್ದೆಯಾಗುತ್ತದೆ. ನಲ್ಲಿ ಬಿಟ್ಟ ಸದ್ದು ಕೇಳಿದರೆ, ತಣ್ಣೀರಿನಲ್ಲಿ ಪಾತ್ರೆ ತೊಳೆಯಲು ಕೈಯಿಟ್ಟರೆ ಅವಸರವಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಪೇಟೆಯಿಂದ ಬಂದು ಮನೆಯ ಬೀಗ ತೆಗೆಯುವಾಗ. ದಾರಿಯುದ್ದಕ್ಕೂ ತಡೆದದ್ದು ಬೀಗದ ಕೈ ತಿರುಗಿಸುವ ಅರೆಕ್ಷಣದಲ್ಲಿ ಕೈಕೊಡುತ್ತದೆ. ಜಗತ್ತಿನ ಎಲ್ಲ ಕಡೆಯ ಹೆಂಗಸರೂ ಈ ಬೀಗದ ಮಾತು ಹೇಳುತ್ತಾರೆ. ಇದು ಅವಸರದ ಸೋರಿಕೆ. ಬಹಳ ಹೆಂಗಸರಿಗೆ ಐವತ್ತು ದಾಟಿದ ಮೇಲೆ ಎರಡೂ ಸೇರಿಕೊಂಡಿರುತ್ತವೆ. ನಮ್ಮ ದೊಡ್ಡಮ್ಮನಿಗೂ ಹಾಗೇ ಇತ್ತು.

ಈ ಎರಡನ್ನು ಬೇರೆ ಮಾಡಿ ತಿಳಿಯುವುದು ಏಕೆ ಮುಖ್ಯವೆಂದರೆ, ಒಂದರ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ. ಅವಸರಕ್ಕೆ ಕೊಡುವ ಮಾತ್ರೆ ಕೆಮ್ಮಿದಾಗ ಸೋರುವುದನ್ನು ನಿಲ್ಲಿಸದು. ಒತ್ತಡಕ್ಕೆ ಮಾಡುವ ಆಪರೇಷನ್ ಅವಸರವನ್ನು ಕೆಲವೊಮ್ಮೆ ಹೆಚ್ಚಿಸಲೂಬಹುದು. ಇವೆರಡೂ ಅಲ್ಲದೆ, ಹಗಲೂ ರಾತ್ರಿ ಬಿಡದೆ ಒಸರುತ್ತಲೇ ಇದ್ದರೆ, ಅದರಲ್ಲೂ ಕಷ್ಟದ ಹೆರಿಗೆಯ ಅಥವಾ ಗರ್ಭಕೋಶದ ಆಪರೇಷನ್ನಿನ ನಂತರ ಶುರುವಾಗಿದ್ದರೆ, ಅದು ಬೇರೆಯೇ. ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತು ಬಿದ್ದಿರಬಹುದು. ಅದನ್ನು ಹೊಲಿದು ಸರಿಪಡಿಸಬಲ್ಲ ಸರ್ಜನ್ನರ ಹತ್ತಿರವೇ ಹೋಗಬೇಕು.

ತಳ ಸಡಿಲವಾಗುವುದು ಹೇಗೆ? ಹೆರಿಗೆ ಎಂದು ಎಲ್ಲರೂ ಹೇಳುತ್ತಾರೆ. ನಾರ್ವೆಯ ಅದೇ ಸಮೀಕ್ಷೆಯಿಂದ 65 ದಾಟದ 15,307 ಹೆಂಗಸರ ವಿವರ ತೆಗೆದು 2003ರಲ್ಲಿ ನೋಡಿದಾಗ, ಹೆರದವರಲ್ಲಿ ನೂರಕ್ಕೆ 10, ಬರೀ ಸಿಸೇರಿಯನ್ ಆದವರಲ್ಲಿ 16, ಸಹಜ ಹೆರಿಗೆಯವರಲ್ಲಿ 21 ಮಂದಿಗೆ ಸೋರಿಕೆ ಇತ್ತು. ಈ ಅಂಕಿಯನ್ನು ಅವಸರದಲ್ಲಿ ಓದಿದರೆ ಸಿಸೇರಿಯನ್ನೇ ಒಳ್ಳೆಯದು ಎನಿಸಿಬಿಡುತ್ತದೆ. ಆದರೆ ಸಿಸೇರಿಯನ್ ಆದವರಿಗೂ ಹೆರದವರಿಗಿಂತ ಹೆಚ್ಚೇ ಇದೆ. ಒಂಬತ್ತು ತಿಂಗಳ ಭಾರವೂ ತನ್ನ ಪಾಲು ವಸೂಲಿ ಮಾಡುತ್ತದೆ. ವಯಸ್ಸಾದಂತೆ ಈ ಅಂತರವೂ ಕರಗುತ್ತದೆ. 2019ರಿಂದ 21ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಚ್ಚೂ ಕಡಿಮೆ ಮೂರನೇ ಒಂದು ಪಾಲು ಹೆರಿಗೆಗಳು ಸಿಸೇರಿಯನ್. ಸೋರಿಕೆಯ ಭಯಕ್ಕಾಗಿ ಆ ಪಾಲನ್ನು ಇನ್ನೂ ಏರಿಸುವುದರಲ್ಲಿ ಅರ್ಥವಿಲ್ಲ.

ನಮ್ಮಲ್ಲಿ ಹೆಚ್ಚು ಮಾತಾಡಬೇಕಾದದ್ದು ಬಾಣಂತನದ ಬಗ್ಗೆ. ಎಣ್ಣೆ ನೀರು, ಹೊಟ್ಟೆ ಬಿಗಿಯಾಗಿ ಬಟ್ಟೆ ಕಟ್ಟುವುದು, ಮೆಣಸಿನ ಸಾರು, ಇವೆಲ್ಲದರ ನಡುವೆ ತಳದ ಸ್ನಾಯುವಿಗೆ ಮತ್ತೆ ಕಸುವು ಬರಿಸುವ ಅಭ್ಯಾಸ ಮಾತ್ರ ಕಾಣುವುದಿಲ್ಲ. ಹೊಟ್ಟೆಯನ್ನು ಅತಿ ಬಿಗಿಯಾಗಿ ಕಟ್ಟಿದರೆ ಆ ಒತ್ತಡ ಕೆಳಕ್ಕೇ ತಾನೇ ಇಳಿಯಬೇಕು? ಇದೆಲ್ಲ ತವರಿರುವವರ ಮಾತು. ಕೂಲಿ ಮಾಡುವ ಹೆಣ್ಣುಮಗಳು ಹಸಿ ಮೈಯಲ್ಲೇ ಹೊಲಕ್ಕೆ ಹೋಗುತ್ತಾಳೆ, ಕೊಡ ಹೊರುತ್ತಾಳೆ, ಮೂಟೆ ಎತ್ತುತ್ತಾಳೆ.

ಗರ್ಭಕೋಶ ತೆಗೆಸುವುದು ಮತ್ತೊಂದು ದಾರಿ. ಸ್ವೀಡನ್ನಿನಲ್ಲಿ ಗರ್ಭಕೋಶ ತೆಗೆಸಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ತೆಗೆಸದವರ ಜೊತೆ ಹೋಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೆಗೆಸಿದವರಿಗೆ ಮುಂದೆ ಒತ್ತಡದ ಸೋರಿಕೆಗೆ ಆಪರೇಷನ್ ಬೇಕಾಗುವ ಸಂಭವ ಎರಡು ಪಟ್ಟಿಗೂ ಮೀರಿತ್ತು. ರಾಣೆಬೆನ್ನೂರಿನ ಸುತ್ತಲ ತಾಂಡಾಗಳಿಂದ, ಕಲಬುರಗಿ ಕಡೆಯಿಂದ ಬಂದ ಅನಗತ್ಯ ಆಪರೇಷನ್ನುಗಳ ದೂರುಗಳನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬಿಳಿಸೆರಗಿಗೆ, ಹೊಟ್ಟೆನೋವಿಗೆ ಎಂದು ಮೂವತ್ತೈದಕ್ಕೇ ಗರ್ಭಕೋಶ ಕಳೆದುಕೊಂಡವರು ಐವತ್ತಕ್ಕೆ ಸೋರಿಕೆ ಹೊತ್ತು ಬಂದಾಗ, ಮೊದಲಿನದಕ್ಕೂ ಇದಕ್ಕೂ ಕೊಂಡಿ ಹಾಕಿ ಹೇಳುವವರೂ ಇರುವುದಿಲ್ಲ.

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ನಾಳದ ಒಳಪದರ ತೆಳುವಾಗುತ್ತದೆ, ಒಣಗುತ್ತದೆ, ಉರಿ ಮತ್ತು ಅವಸರ ಹೆಚ್ಚುತ್ತವೆ. ಹಾಗಾದರೆ ಹಾರ್ಮೋನ್ ಮಾತ್ರೆ ನುಂಗಿದರೆ ಆಯಿತಲ್ಲ ಎಂದು ವೈದ್ಯರೂ ಬಹಳ ಕಾಲ ನಂಬಿದ್ದರು. ಅಮೆರಿಕದಲ್ಲಿ 27,000ಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ ದೊಡ್ಡ ಪ್ರಯೋಗದ ಫಲಿತಾಂಶ 2005ರಲ್ಲಿ ಬಂದಾಗ ಆದದ್ದು ತಿರುಗುಮುರುಗು: ಬಾಯಿಯಿಂದ ಹಾರ್ಮೋನ್ ತೆಗೆದುಕೊಂಡವರಲ್ಲಿ ಸೋರಿಕೆ ಹೆಚ್ಚಿತ್ತು. ಯೋನಿಯೊಳಗೆ ಹಚ್ಚುವ ಕ್ರೀಮಿನ ಕಥೆ ಬೇರೆ. ಅದು ಅಲ್ಲಲ್ಲೇ ಕೆಲಸ ಮಾಡುತ್ತದೆ, ಅವಸರವನ್ನೂ ಪದೇ ಪದೇ ಬರುವ ಸೋಂಕನ್ನೂ ತಗ್ಗಿಸುತ್ತದೆ.

ಮೈತೂಕ, ಮಲಬದ್ಧತೆ, ಹಳೆಯ ಕೆಮ್ಮು, ಸಕ್ಕರೆ ಕಾಯಿಲೆ, ಇವೆಲ್ಲ ಗೊತ್ತಿರುವ ಕಾರಣಗಳೇ. ತೂಕದ ಬಗ್ಗೆ ಒಂದು ಒಳ್ಳೆಯ ಸುದ್ದಿ ಇದೆ. ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಪ್ಪಗಿದ್ದ ಹೆಂಗಸರು ಆರು ತಿಂಗಳಲ್ಲಿ ಸರಾಸರಿ ಎಂಟು ಕಿಲೋದಷ್ಟು ಇಳಿಸಿದಾಗ ಸೋರಿಕೆ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯಿತು. ಮಾತ್ರೆಗಳ ವಿಷಯವನ್ನು ಮಾತ್ರ ಒತ್ತಿ ಹೇಳಬೇಕು, ಏಕೆಂದರೆ ನಮ್ಮ ಮನೆಗಳ ಔಷಧಿ ಡಬ್ಬಿಯಲ್ಲೇ ಕಾರಣ ಕೂತಿರಬಹುದು. ಬಿಪಿಗೆ ಕೊಡುವ ರಾಮಿಪ್ರಿಲ್, ಎನಲಾಪ್ರಿಲ್ ಕೆಲವರಿಗೆ ಒಣಕೆಮ್ಮು ತರುತ್ತವೆ, ಕೆಮ್ಮಿದಾಗಲೆಲ್ಲ ಸೋರುತ್ತದೆ. ಪ್ರಜೋಸಿನ್ ನಾಳದ ಬಿಗಿಯನ್ನೇ ಸಡಿಲಿಸುತ್ತದೆ. ಆಮ್ಲೋಡಿಪಿನ್ ಕಾಲಲ್ಲಿ ನೀರು ತುಂಬಿಸಿದರೆ, ಮಲಗಿದಾಗ ಆ ನೀರು ರಕ್ತಕ್ಕೆ ಮರಳಿ ರಾತ್ರಿಯೆಲ್ಲ ಎಬ್ಬಿಸುತ್ತದೆ. ಸಕ್ಕರೆ ಕಾಯಿಲೆಗೆ ಈಗ ಧಾರಾಳವಾಗಿ ಬರೆಯುವ ಡಾಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲೇ ಹೊರಹಾಕುವ ಔಷಧಿ, ಮೂತ್ರವೂ ಹೆಚ್ಚುತ್ತದೆ. ಇವುಗಳಲ್ಲಿ ಯಾವುದನ್ನೂ ತಾವಾಗಿ ನಿಲ್ಲಿಸಬಾರದು. ಆದರೆ "ಈ ಮಾತ್ರೆ ಶುರುವಾದ ಮೇಲೆ ಜಾಸ್ತಿ ಆಯ್ತಾ?" ಎಂಬ ಪ್ರಶ್ನೆ ಡಾಕ್ಟರ ಕೋಣೆಯಲ್ಲಿ ಬರಲೇಬೇಕು.

ಮೂತ್ರಕೋಶ ನೆಟ್ಟಗಿದ್ದೂ ಸೀರೆ ನೆನೆಯುವ ಸ್ಥಿತಿಯೊಂದಿದೆ. ಎಪ್ಪತ್ತು ದಾಟಿದವರಿಗೆ ಮಂಡಿ ನೋವು, ಕೈಯಾಸರೆಯಿಲ್ಲದೆ ಏಳಲಾಗದು. ಪಾಯಿಖಾನೆ ಹಿತ್ತಲಲ್ಲಿ, ಅದೂ ಕುಕ್ಕರಗಾಲಿನಲ್ಲಿ ಕೂರುವಂಥದ್ದು. ಮಧ್ಯೆ ಎರಡು ಹೊಸ್ತಿಲು, ಒಂದು ಚಿಲಕ, ಬಲ್ಬಿಲ್ಲದ ಪಡಸಾಲೆ. ಅಲ್ಲಿಗೆ ಮುಟ್ಟಲಾಗದ್ದು ಕಾಲಿನ ತೊಂದರೆ, ಬೈಗುಳ ಮಾತ್ರ ಮೂತ್ರಕೋಶಕ್ಕೆ. ವಾರಕ್ಕೊಮ್ಮೆಯಾದರೂ ಅವಸರದ ಸೋರಿಕೆ ಇರುವ ವಯಸ್ಸಾದ ಹೆಂಗಸರು ಬೀಳುವುದೂ ಮೂಳೆ ಮುರಿದುಕೊಳ್ಳುವುದೂ ಹೆಚ್ಚು ಎಂದು 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಕತ್ತಲಲ್ಲಿ ಓಡುವುದರ ಫಲ ಅದು. ಹಾಸಿಗೆಯ ಪಕ್ಕ ಕಮೋಡ್ ಕುರ್ಚಿ, ದಾರಿಗೊಂದು ರಾತ್ರಿದೀಪ, ಗೋಡೆಗೊಂದು ಹಿಡಿಕೆ: ಎಷ್ಟೋ ಮನೆಗಳಲ್ಲಿ ಇವೇ ಪೂರ್ತಿ ಚಿಕಿತ್ಸೆ.

ಹೆಂಗಸರು ತಾವೇ ಕಂಡುಕೊಂಡ ಚಿಕಿತ್ಸೆಯೊಂದಿದೆ, ನೀರು ಬಿಡುವುದು. ಊರಿಗೆ ಹೊರಡುವ ದಿನ ಬೆಳಗಿನಿಂದ ಒಂದು ಗುಟುಕೂ ಇಲ್ಲ. ರಾಯಚೂರು, ಕಲಬುರಗಿಯ ನಲವತ್ತು ಡಿಗ್ರಿ ಬಿಸಿಲಲ್ಲೂ ಇಲ್ಲ. ಗಾರ್ಮೆಂಟ್ಸ್ ಸಾಲಿನಲ್ಲಿ ಕೂತವರು, ಬಂದೋಬಸ್ತಿಗೆ ನಿಂತ ಪೊಲೀಸ್ ಹೆಂಗಸರು, ರಸ್ತೆ ಗುಡಿಸುವ ಪೌರಕಾರ್ಮಿಕರು ಇದನ್ನು ಚಿಕ್ಕ ವಯಸ್ಸಿನಿಂದಲೇ ಕಲಿತಿರುತ್ತಾರೆ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಚೀಲವನ್ನು ಇನ್ನಷ್ಟು ಕೆರಳಿಸುತ್ತದೆ, ಸೋಂಕು ಬರುತ್ತದೆ, ಮಲ ಗಟ್ಟಿಯಾಗಿ ಮುಕ್ಕಿದಾಗ ತಳದ ಮೇಲೆ ಮತ್ತೆ ಒತ್ತಡ ಬೀಳುತ್ತದೆ. ಬಲವಂತವಾಗಿ ತಡೆಯಬಾರದ ಹದಿಮೂರು ವೇಗಗಳನ್ನು ಹೇಳುವಾಗ ಚರಕ ಸಂಹಿತೆ ಮೂತ್ರವನ್ನು ಮೊದಲಿಗೇ ಸೇರಿಸಿದೆ. ಆ ಉಪದೇಶ ಪಾಲಿಸಲು ಬಸ್‌ಸ್ಟ್ಯಾಂಡಿನಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಶೌಚಾಲಯ ಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಹೆಂಗಸರು ಸರ್ಕಾರಿ ಬಸ್ಸುಗಳಲ್ಲಿ ದುಡ್ಡು ಕೊಡದೆ ಓಡಾಡಬಹುದು. ಎಷ್ಟು ಮಂದಿ ಈ ಒಂದೇ ಭಯಕ್ಕೆ ಮನೆಯಲ್ಲೇ ಉಳಿದಿದ್ದಾರೆ ಎಂದು ಯಾರು ಎಣಿಸಿದ್ದಾರೆ?

ಮನೆಯೊಳಗೂ ಜಾಗ ಕಿರಿದಾಗುತ್ತದೆ. ದೊಡ್ಡಮ್ಮ ದೇವರ ಮನೆಯ ಹೊಸ್ತಿಲು ದಾಟುವುದನ್ನು ನಿಲ್ಲಿಸಿದ್ದರು. ಮಡಿಯುಟ್ಟು ಅರ್ಧ ಗಂಟೆಯಲ್ಲಿ ಒದ್ದೆಯಾದರೆ ಮತ್ತೆ ಸ್ನಾನ, ಮತ್ತೆ ಮಡಿ. ಕೊನೆಗೆ ದೀಪ ಹಚ್ಚುವುದನ್ನು ಸೊಸೆಗೆ ಬಿಟ್ಟುಕೊಟ್ಟು, ಮಂಡಿ ನೋವು ಎಂದರು. ಮುಸ್ಲಿಂ ಹೆಂಗಸರಿಗೆ ಒಂದು ಹನಿ ಸೋರಿದರೂ ವುಜೂ, ಎಂದರೆ ನಮಾಜಿಗೆ ಮುಂಚಿನ ಅಂಗಶುದ್ಧಿ, ಮುರಿಯಿತೆಂಬ ಚಿಂತೆ. ತಡೆಯಲಾಗದ ಸೋರಿಕೆ ಇರುವವರು ಒಂದೊಂದು ನಮಾಜಿನ ಹೊತ್ತಿಗೆ ಒಮ್ಮೆ ವುಜೂ ಮಾಡಿದರೆ ಸಾಕೆಂಬ ವಿನಾಯಿತಿ ಅವರ ಧರ್ಮಶಾಸ್ತ್ರದಲ್ಲೇ ಇದೆ. ಅದು ಗೊತ್ತಿಲ್ಲದೆ ನಮಾಜನ್ನೇ ಬಿಟ್ಟು ಕೊರಗುವವರಿಗೆ ಯಾರಾದರೂ ಹೇಳಬೇಕು.

ಇನ್ನು ಚಿಕಿತ್ಸೆ. ಲಾಸ್ ಏಂಜಲೀಸಿನ ಹೆಂಗಸರ ವೈದ್ಯ ಆರ್ನಾಲ್ಡ್ ಕೆಗಲ್ 1948ರಲ್ಲಿ ತಳದ ಸ್ನಾಯುಗಳ ವ್ಯಾಯಾಮದ ಬಗ್ಗೆ ಬರೆದರು. ಬಾಣಂತಿಯರು ಸರಿಯಾದ ಸ್ನಾಯುವನ್ನೇ ಬಿಗಿಹಿಡಿಯುತ್ತಿದ್ದಾರೋ ಇಲ್ಲವೋ ಎಂದು ಅಳೆಯುವ ಒಂದು ಸಾಧನವನ್ನೂ ಮಾಡಿಕೊಂಡಿದ್ದರು. ವ್ಯಾಯಾಮ ಅವರ ಹೆಸರಿನಲ್ಲೇ ಉಳಿಯಿತು, ಅಳೆದು ನೋಡಬೇಕೆಂಬ ಕಾಳಜಿ ಮಾತ್ರ ಮರೆತುಹೋಯಿತು. ಇದರ ಫಲಕ್ಕೆ ಇಂದು ಗಟ್ಟಿ ಆಧಾರವಿದೆ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2018ರ ಕಾಕ್ರೇನ್ ಸಮೀಕ್ಷೆಯ ಪ್ರಕಾರ, ಒತ್ತಡದ ಸೋರಿಕೆ ಇದ್ದು ಈ ವ್ಯಾಯಾಮ ಮಾಡಿದವರಲ್ಲಿ ನೂರಕ್ಕೆ 56 ಮಂದಿ ವಾಸಿಯಾಯಿತು ಎಂದರು. ಮಾಡದವರಲ್ಲಿ ಹಾಗೆಂದವರು 6 ಮಂದಿ. ಇಷ್ಟು ಅಗ್ಗದ, ಅಪಾಯವಿಲ್ಲದ ಚಿಕಿತ್ಸೆಗೆ ಇಷ್ಟು ಫಲ ಸಿಗುವ ಕಾಯಿಲೆಗಳು ಬಹಳ ಇಲ್ಲ. ಬ್ರಿಟನ್ನಿನ ಮಾರ್ಗಸೂಚಿಯಂತೆ ಹೇಳಿಕೊಡುವವರ ಕಣ್ಣೆದುರು ಕಲಿತು, ಕನಿಷ್ಠ ಮೂರು ತಿಂಗಳು, ದಿನಕ್ಕೆ ಮೂರು ಸಲ, ಸಲಕ್ಕೆ ಕನಿಷ್ಠ ಎಂಟು ಬಾರಿ ಬಿಗಿಹಿಡಿದು ಬಿಡಬೇಕು.

ಆ "ಕಲಿತು" ಎಂಬ ಮಾತಿನಲ್ಲೇ ಎಲ್ಲ ಇದೆ. 1991ರಲ್ಲಿ ಅಮೆರಿಕದಲ್ಲಿ 47 ಹೆಂಗಸರಿಗೆ ಬರೀ ಬಾಯಿಮಾತಿನಲ್ಲಿ ಈ ವ್ಯಾಯಾಮ ಹೇಳಿಕೊಟ್ಟು ಪರೀಕ್ಷಿಸಿದರು. ಸರಿಯಾಗಿ ಮಾಡಿದವರು ಅರ್ಧದಷ್ಟು. ನಾಲ್ಕರಲ್ಲೊಂದು ಪಾಲು ಹೆಂಗಸರು ಮೇಲಕ್ಕೆ ಎಳೆದುಕೊಳ್ಳುವ ಬದಲು ಕೆಳಕ್ಕೆ ಮುಕ್ಕುತ್ತಿದ್ದರು, ಎಂದರೆ ಸೋರಿಕೆ ಹೆಚ್ಚುವಂಥದ್ದನ್ನೇ ಮಾಡುತ್ತಿದ್ದರು. ಒಂದು ಚೀಟಿಯಲ್ಲಿ "ವ್ಯಾಯಾಮ ಮಾಡಿ" ಎಂದು ಬರೆದುಕೊಟ್ಟು ಕಳಿಸುವವರು ಇದನ್ನು ನೆನಪಿಡಬೇಕು.

ಮುಕ್ಕುವುದು ಹೇಗಿರುತ್ತದೆ ಎಂದು ನಾನು ಕಣ್ಣಾರೆ ನೋಡಿದೆ. ದೊಡ್ಡಮ್ಮನನ್ನು ಫಿಸಿಯೋಥೆರಪಿಸ್ಟ್ ಒಬ್ಬರ ಹತ್ತಿರ ಕರೆದುಕೊಂಡು ಹೋಗಿದ್ದೆ. ಇಪ್ಪತ್ತೆಂಟರ ಹುಡುಗಿ. ಮಂಚದ ಮೇಲೆ ಮಲಗಿಸಿ, ಮಂಡಿ ಮಡಚಿಸಿ, ಅವರದೇ ಕೈಯನ್ನು ಅವರ ಕಿಬ್ಬೊಟ್ಟೆಯ ಮೇಲೆ ಇರಿಸಿದಳು. "ನಾಲ್ಕು ಜನರ ಮಧ್ಯೆ ಗಾಳಿ ಹೋಗದ ಹಾಗೆ ತಡೀತೀರಲ್ಲ ಅಮ್ಮ, ಹಾಗೆ ಒಳಕ್ಕೆ, ಮೇಲಕ್ಕೆ ಎಳ್ಕೊಳ್ಳಿ." ದೊಡ್ಡಮ್ಮ ಉಸಿರು ಕಟ್ಟಿದರು, ಮುಖ ಕೆಂಪಾಯಿತು, ಕೈ ಕೆಳಗಿನ ಹೊಟ್ಟೆ ಕಲ್ಲಾಯಿತು. "ಹೊಟ್ಟೆ ಮೆತ್ತಗೇ ಇರ್ಲಿ. ಉಸಿರು ಹಿಡೀಬೇಡಿ. ಒಂದು, ಎರಡು ಅಂತ ಜೋರಾಗಿ ಎಣಿಸ್ತಾ ಎಳ್ಕೊಳ್ಳಿ." ಬಾಯಿಬಿಟ್ಟು ಎಣಿಸುವವರು ಉಸಿರು ಕಟ್ಟಲಾರರು, ಅಷ್ಟೇ ಉಪಾಯ. ನಾಲ್ಕನೇ ಸಲಕ್ಕೆ ಅವರ ಮುಖದ ಗಂಟು ಬಿಚ್ಚಿತು. "ಓ, ಇದಾ!" ಎಂದರು. ಅರವತ್ತೆರಡು ವರ್ಷ ತಮ್ಮ ಮೈಯಲ್ಲೇ ಇದ್ದ ಸ್ನಾಯುವೊಂದನ್ನು ಅವರು ಅಂದು ಮೊದಲ ಸಲ ಗುರುತಿಸಿದ್ದರು. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡಬಾರದು, ಗುರುತು ಹಿಡಿಯಲು ಒಂದೆರಡು ಸಲ ಸರಿ, ಅಷ್ಟೇ ಎಂದಳು. ಕೆಮ್ಮು ಬರುವ ಮುನ್ನ, ಕೊಡ ಎತ್ತುವ ಮುನ್ನ ಬಿಗಿಹಿಡಿಯುವುದನ್ನು ರೂಢಿ ಮಾಡಿಸಿದಳು.

ಹಠಯೋಗದ ಮೂಲಬಂಧವೂ ಇದೇ ಜಾಗದ ಸ್ನಾಯುಗಳನ್ನು ಬಿಗಿಯುತ್ತದೆ. ಹಾಗಾದರೆ ಯೋಗವೇ ಸಾಲದೇ? ಅಮೆರಿಕದಲ್ಲಿ 240 ಹೆಂಗಸರನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದ್ದನ್ನು 2024ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಹನ್ನೆರಡು ವಾರ ತಳಕ್ಕೆಂದೇ ಆರಿಸಿದ ಆಸನಗಳು, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರ ಪದ್ಧತಿಯಲ್ಲಿ. ಇನ್ನೊಂದು ಗುಂಪಿಗೆ ಸಾಮಾನ್ಯ ಮೈಚಾಲನೆ. ಎರಡೂ ಗುಂಪಿನಲ್ಲಿ ಸೋರಿಕೆ ಅರ್ಧಕ್ಕಿಂತ ಕೆಳಗಿಳಿಯಿತು, ಯೋಗವೇ ಮೇಲು ಎಂದು ಖಚಿತವಾಗಲಿಲ್ಲ. ಯೋಗಾಭಿಮಾನಿಗಳಿಗೆ ನಿರಾಸೆಯಾಗಬಹುದು. ಮೈ ಆಡಿಸಿದರೆ ಫಲವಿದೆ ಎಂಬುದು ನನಗೆ ದೊಡ್ಡ ಸುದ್ದಿಯಾಗಿ ಕಾಣುತ್ತದೆ.

ಅವಸರದ ಸೋರಿಕೆಗೆ ಬೇಕಾದದ್ದು ಮೂತ್ರಕೋಶಕ್ಕೆ ಶಿಸ್ತು ಕಲಿಸುವುದು. ಅದಕ್ಕೆ ಮೊದಲು ಮೂರು ದಿನದ ಲೆಕ್ಕ ಬರೆಯಬೇಕು: ಏನು, ಎಷ್ಟು ಕುಡಿದೆ, ಎಷ್ಟು ಹೊತ್ತಿಗೆ ಹೋದೆ, ಎಷ್ಟು ಬಂತು, ಯಾವಾಗ ಸೋರಿತು. ದೊಡ್ಡಮ್ಮ ಹಳೇ ಕ್ಯಾಲೆಂಡರಿನ ಹಾಳೆ ತಿರುವಿಹಾಕಿ ಪೆನ್ಸಿಲಿನಲ್ಲಿ ಬರೆದರು. "6 ಗಂಟೆ ಕಾಫಿ. 6-40 ಹೋದೆ. 7 ಕಾಫಿ. ಹೂವು ಕೀಳುವಾಗ ಸ್ವಲ್ಪ." ಮೂರು ದಿನ ಮುಗಿಯುವಷ್ಟರಲ್ಲಿ ಕಂಡದ್ದು ದಿನಕ್ಕೆ ಏಳು ಲೋಟ ಕಾಫಿ, ಎರಡೇ ಲೋಟ ನೀರು, ಮುಕ್ಕಾಲು ಗಂಟೆಗೊಮ್ಮೆ ಭಯಕ್ಕೇ ಬಚ್ಚಲು, ಮತ್ತು ಎರಡು ವರ್ಷದಿಂದ ಬಿಡದ ಒಣಕೆಮ್ಮು. ಡಾಕ್ಟರು ಆ ಹಾಳೆ ನೋಡಿ ಬಿಪಿ ಮಾತ್ರೆ ಬದಲಿಸಿದರು. ಕಾಫಿ ಮೂರಕ್ಕೆ ಇಳಿಯಿತು. ಮುಕ್ಕಾಲು ಗಂಟೆಯ ಬದಲು ಒಂದು ಗಂಟೆ, ವಾರ ಬಿಟ್ಟು ಇನ್ನೊಂದು ಕಾಲು ಗಂಟೆ, ಹೀಗೆ ಎರಡೂವರೆ ಗಂಟೆಯವರೆಗೆ. ಅವಸರವಾದರೆ ಓಡಬಾರದು. ನಿಂತು, ತಳ ಬಿಗಿದು, ಮನಸ್ಸಿನಲ್ಲಿ ಮಗ್ಗಿ ಹೇಳಿಕೊಂಡು, ಅಲೆ ಇಳಿದ ಮೇಲೆ ನಡೆದು ಹೋಗಬೇಕು. ಕನಿಷ್ಠ ಆರು ವಾರ ಬೇಕು.

ಇದರಿಂದ ಸಾಲದಿದ್ದರೆ ಮಾತ್ರೆಗಳಿವೆ. ಆಕ್ಸಿಬ್ಯುಟಿನಿನ್ ಹಳೆಯದು, ಸೋಲಿಫೆನಾಸಿನ್ ಆ ಗುಂಪಿನ ಈಚಿನದು. ಬಾಯಿ ಒಣಗುತ್ತದೆ, ಮಲ ಗಟ್ಟಿಯಾಗುತ್ತದೆ. ಬಹುಕಾಲ ನುಂಗಿದ ವಯಸ್ಸಾದವರಲ್ಲಿ ಮರೆವಿನ ಕಾಯಿಲೆಯ ಜೊತೆ ನಂಟು ಕಂಡಿರುವುದರಿಂದ ಎಪ್ಪತ್ತು ದಾಟಿದವರಿಗೆ ಕೊಡುವಾಗ ಎರಡು ಸಲ ಯೋಚಿಸಬೇಕು. ಮಿರಾಬೆಗ್ರಾನ್ ಬೇರೆ ಬಗೆಯದು, ಮಿದುಳಿಗೆ ಆ ಹೊರೆಯಿಲ್ಲ, ಬಿಪಿ ನೋಡಿಕೊಳ್ಳಬೇಕು. ಮಾತ್ರೆಗೂ ಬಗ್ಗದವರಿಗೆ ಮೂತ್ರಕೋಶಕ್ಕೆ ಬೊಟಾಕ್ಸ್ ಚುಚ್ಚುವುದೂ ಇದೆ, ದೊಡ್ಡ ಊರುಗಳಲ್ಲಿ. ಗರ್ಭಕೋಶ ಜಾರಿದವರಿಗೆ ಒಳಗಿಡುವ ರಿಂಗು ಹಳೆಯದಾದರೂ ಈಗಲೂ ಒಳ್ಳೆಯ ಉಪಾಯ.

ಒತ್ತಡದ ಸೋರಿಕೆಯ ಆಪರೇಷನ್ ಬಗ್ಗೆ ಸ್ವಲ್ಪ ಹೆಚ್ಚು ತಿಳಿದಿರಬೇಕು. 1961ರಲ್ಲಿ ಬರ್ಚ್ ಎಂಬ ವೈದ್ಯರು ಹೇಳಿದ, ಹೊಟ್ಟೆ ಕೊಯ್ದು ಹೊಲಿಗೆ ಹಾಕುವ ವಿಧಾನ ಬಹಳ ಕಾಲ ನಡೆಯಿತು. 1996ರಲ್ಲಿ ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ ನಾಳದ ಕೆಳಗೆ ಪ್ಲಾಸ್ಟಿಕ್ ಜಾಳಿಗೆಯ ಸಣ್ಣ ಪಟ್ಟಿಯೊಂದನ್ನು ಉಯ್ಯಾಲೆಯಂತೆ ಕಟ್ಟುವ ವಿಧಾನ ಪ್ರಕಟಿಸಿದರು. ಅರ್ಧ ಗಂಟೆಯ ಕೆಲಸ, ಬಹುಪಾಲು ಹೆಂಗಸರಿಗೆ ಸೋರಿಕೆ ನಿಂತಿತು, ಜಗತ್ತಿನ ತುಂಬ ಹಬ್ಬಿತು. ಆಮೇಲೆ ಕೆಲವರಿಗೆ ಜಾಳಿಗೆ ಒಳಗೆ ಕೊರೆದು ಹೊರಬಂದು, ಕೂರಲೂ ಆಗದ ನೋವು ಶುರುವಾಯಿತು. ಅವರ ಮಾತನ್ನೂ ಬಹಳ ವರ್ಷ ಯಾರೂ ಕೇಳಲಿಲ್ಲ. 2018ರ ಜುಲೈಯಲ್ಲಿ ಇಂಗ್ಲೆಂಡಿನಲ್ಲಿ ಇದರ ಬಳಕೆಗೆ ತಡೆ ಬಿತ್ತು, 2020ರಲ್ಲಿ ಬ್ಯಾರನೆಸ್ ಕಂಬರ್‌ಲೆಜ್ ಅವರ ವರದಿ ಆ ಹೆಂಗಸರ ಅಳಲನ್ನು ದಾಖಲಿಸಿತು. ಅಮೆರಿಕ 2019ರಲ್ಲಿ ನಿಲ್ಲಿಸಿದ್ದು ಜಾರಿದ ಅಂಗಗಳಿಗೆ ಯೋನಿಯ ಮೂಲಕ ಹಾಕುವ ದೊಡ್ಡ ಜಾಳಿಗೆಯನ್ನು, ಈ ಸಣ್ಣ ಪಟ್ಟಿಯನ್ನಲ್ಲ. ಪಟ್ಟಿ ಇನ್ನೂ ಬಳಕೆಯಲ್ಲಿದೆ. ಸ್ವಂತ ಮೈಯ ಪೊರೆಯಿಂದಲೇ ಪಟ್ಟಿ ಮಾಡುವ ಹಳೆಯ ವಿಧಾನಕ್ಕೂ ಮತ್ತೆ ಬೆಲೆ ಬಂದಿದೆ. ಆಪರೇಷನ್ ಬೇಕೇ ಬೇಕೆನಿಸಿದರೆ, ಒಳಗೆ ಏನು ಇಡುತ್ತೀರಿ, ಅದು ತೆಗೆಯಬೇಕಾಗಿ ಬಂದರೆ ಯಾರು ತೆಗೆಯುತ್ತಾರೆ ಎಂದು ಸಹಿ ಹಾಕುವ ಮೊದಲು ಕೇಳಬೇಕು. ಮೂರು ತಿಂಗಳ ವ್ಯಾಯಾಮ ಮಾಡಿಸದೆ ನೇರವಾಗಿ ಆಪರೇಷನ್ನಿಗೆ ಬರೆದವರನ್ನು ನಾನಾದರೆ ನಂಬುವುದಿಲ್ಲ.

ಮೂತ್ರದಲ್ಲಿ ರಕ್ತ, ಇದ್ದಕ್ಕಿದ್ದಂತೆ ಕಾಲು ಜೋಮು ಹಿಡಿದು ಸೋರಿಕೆ ಶುರುವಾಗುವುದು, ಹೋಗಬೇಕೆನಿಸಿದರೂ ಬಾರದೆ ಹೊಟ್ಟೆ ಉಬ್ಬುವುದು, ಇವು ಕಂಡರೆ ವ್ಯಾಯಾಮ ಮಾಡುತ್ತ ಕೂರದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಸ್ಯಾನಿಟರಿ ಪ್ಯಾಡಿನ ಮೇಲಿನ ತೆರಿಗೆ 2018ರಲ್ಲಿ ಹೋಯಿತು, ಅದಕ್ಕಾಗಿ ಹೋರಾಟವೇ ನಡೆದಿತ್ತು. ದೊಡ್ಡವರ ಡಯಾಪರಿನ ಮೇಲಿನ ಶೇ. 12ರ ತೆರಿಗೆ 2025ರ ಸೆಪ್ಟೆಂಬರಿನಲ್ಲಿ ಶೇ. 5ಕ್ಕೆ ಇಳಿಯಿತು. ಮುಟ್ಟಿನ ಬಗ್ಗೆ ನಾವು ಬಾಯಿ ಬಿಡಲು ಕಲಿತೆವು, ಮುಟ್ಟು ನಿಂತವರ ಸರದಿ ಇನ್ನೂ ಬಂದಿಲ್ಲ. ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದವರ ಮನೆಬಾಗಿಲಿಗೆ ಬಂದು ಬಿಪಿ, ಶುಗರ್, ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಎಂದು ಕೇಳುತ್ತಾರೆ. ಆ ಪಟ್ಟಿಗೆ "ಕೆಮ್ಮಿದಾಗ, ಅವಸರವಾದಾಗ ತಡೆಯೋಕಾಗದೆ ಸೀರೆ ಒದ್ದೆ ಆಗುತ್ತಾ ಅಕ್ಕ?" ಎಂಬ ಒಂದು ಸಾಲು ಸೇರಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಹೇಳಿಕೊಡುವ ಒಬ್ಬ ಹೆಣ್ಣುಮಗಳು, ಒಂದು ಮಂಚ, ಒಂದು ಪರದೆ ಬೇಕು. ಇದಕ್ಕಿಂತ ಹೆಚ್ಚಿನ ಯಂತ್ರವೇನೂ ಬೇಡ.

ನಾಲ್ಕು ತಿಂಗಳಾದ ಮೇಲೆ ದೊಡ್ಡಮ್ಮನಿಗೆ ಪೂರ್ತಿ ವಾಸಿಯಾಗಿರಲಿಲ್ಲ. ರಾತ್ರಿ ಎರಡು ಸಲ ಈಗಲೂ ಏಳುತ್ತಾರೆ. ಜೋರು ಶೀತವಾದರೆ ಬಟ್ಟೆ ಬೇಕಾಗುತ್ತದೆ, ಆದರೆ ಚೀಲದಲ್ಲಿ ನಾಲ್ಕರ ಜಾಗದಲ್ಲಿ ಒಂದಿದೆ. ಮೊನ್ನೆ ಊರಿಗೆ ಹೋದಾಗ ಸಂಜೆಯ ಹೊತ್ತು. ಜಗಲಿಯ ಮೇಲೆ ಪಕ್ಕದ ಮನೆಯ ಲಕ್ಷ್ಮಕ್ಕ, ಎದುರು ಮನೆಯ ಟೀಚರಮ್ಮ, ಇನ್ನಿಬ್ಬರು ಕೂತಿದ್ದರು. ನಾನು ಗೇಟು ತೆಗೆದಾಗ ಎಲ್ಲರೂ ಸುಮ್ಮನಾದರು. "ನಮ್ಮ ಹುಡುಗೀನೇ, ಪರವಾಗಿಲ್ಲ," ಎಂದು ದೊಡ್ಡಮ್ಮ ಲಕ್ಷ್ಮಕ್ಕನ ಕಡೆ ತಿರುಗಿದರು. "ಉಸಿರು ಹಿಡೀಬೇಡ ಅಂದ್ನಲ್ಲ. ಬಾಯಿ ಬಿಟ್ಟು ಎಣಿಸು. ಒಂದು, ಎರಡು..."